ಡೊನ್ಯಾ ಹೊವಿತಾ ಕಾರು ಕಲಿತದ್ದು

ಡೊನ್ಯಾ ಹೊವಿತಾಗೆ ಒಬ್ಬ ಪ್ರಿಯಕರ ಇದ್ದಾನೆ, ಅವನು ಮಹಾ ಅನುಮಾನದ ಮನುಷ್ಯ ಎಂದು ನಾನು ಕೆಲವು ದಿನ ನಂಬಿದ್ದೆ. ಬರೀ ನಂಬಿದ್ದರೆ ಪರವಾಗಿರಲಿಲ್ಲ. ಅವನನ್ನು ಬಿಟ್ಟುಬಿಡಿ ಎಂದು ಬುದ್ಧಿವಾದವನ್ನೂ ಹೇಳಿದೆ. ಆವರೆಗೆ ಒಬ್ಬ ಹುಡುಗಿಯ ಜೊತೆ ನೆಟ್ಟಗೆ ಒಂದು ಲೋಟ ಕಾಫಿ ಕುಡಿದು ಗೊತ್ತಿಲ್ಲದವನು ನಾನು. ಡೊನ್ಯಾ, ಅಂದರೆ ಅಮ್ಮಾವ್ರು, ಎಂದು ಎಲ್ಲರೂ ಗೌರವದಿಂದ ಕರೆಯುವ, ಐವತ್ತು ದಾಟಿದ ಹೆಂಗಸಿಗೆ ಪ್ರೇಮದ ವಿಷಯದಲ್ಲಿ ಸಲಹೆ ಕೊಡಲು ಹೊರಟಿದ್ದೆ.

ನಾವಿಬ್ಬರೂ ವೆಸ್ಲಾಕೊ ಊರಿನ ಒಂದು ಟೋರ್ಟಿಯಾ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆವು. ಟೆಕ್ಸಸ್ಸಿನ ಬಾಲ ಮೆಕ್ಸಿಕೋದ ನದಿಗೆ ತಾಗುವ ಜಾಗ ನಮ್ಮದು. ಬೆಂದ ಟೋರ್ಟಿಯಾಗಳು, ಅಂದರೆ ಮೆಕ್ಕೆಜೋಳದ ತೆಳು ರೊಟ್ಟಿಗಳು, ಒಲೆಯಿಂದ ಓಡುವ ಪಟ್ಟಿಯ ಮೇಲೆ ಬಿಸಿಬಿಸಿಯಾಗಿ ಇಳಿದು ಬರುವಾಗ ಮುರಿದದ್ದನ್ನು, ಸುಟ್ಟದ್ದನ್ನು ತೆಗೆದು ಎಸೆಯುವುದು ಹೊವಿತಾ ಅವರ ಕೆಲಸ. ಅವರು ಬಿಟ್ಟುಕೊಟ್ಟದ್ದನ್ನು ಪೊಟ್ಟಣಕ್ಕೆ ತುಂಬುವುದು ನನ್ನ ಕೆಲಸ. ಬಿಡುವಿನ ಹೊತ್ತಿನಲ್ಲಿ ಎಲ್ಲರೂ ಹಿಂದಿನ ಮೆಸ್ಕೀಟ್ ಮರದ ಕೆಳಗೆ ಸೇರಿದರೆ ಅವರು ಮಾತ್ರ ಒಂದು ಬಕೆಟ್ ಬೋರಲು ಹಾಕಿಕೊಂಡು ಗೋಡೆಗೆ ಮುಖ ಮಾಡಿ ಫೋನ್ ಹಿಡಿದು ಕೂರುತ್ತಿದ್ದರು. ನಡುನಡುವೆ ಅದರ ಜೊತೆ ಮಾತಾಡುತ್ತಿದ್ದರು.

"ಇದ್ದೀನಪ್ಪಾ, ಇಲ್ಲೇ ಇದ್ದೀನಿ. ಎಲ್ಲಿಗೆ ಓಡಿಹೋಗ್ಲಿ?"

ಸ್ವಲ್ಪ ಹೊತ್ತು ಬಿಟ್ಟು, "ನಮ್ಮಮ್ಮನ ತವರಿನ ಹೆಸರು ನಿನ್ನೆ ತಾನೇ ಹೇಳಿದ್ನಲ್ಲ, ಮತ್ತೆ ಕೇಳ್ತೀಯಾ? ಅಷ್ಟೂ ನಂಬಿಕೆ ಇಲ್ವಾ?"

ಒಂದು ದಿನ ತಡೆಯಲಾಗದೆ ಹತ್ತಿರ ಹೋಗಿ ಹೇಳಿದೆ. "ಡೊನ್ಯಾ ಹೊವಿತಾ, ತಪ್ಪು ತಿಳ್ಕೋಬೇಡಿ. ಅಷ್ಟು ಅನುಮಾನ ಪಡೋ ಗಂಡಸು ಒಳ್ಳೇವ್ನಲ್ಲ."

"ಯಾವ ಗಂಡಸು?"

"ಅದೇ, ಫೋನಲ್ಲಿರೋನು."

ಅವರು ಫೋನನ್ನು ನನ್ನ ಕಡೆ ತಿರುಗಿಸಿದರು. ನಾಲ್ಕು ರಸ್ತೆ ಕೂಡುವ ಕಡೆ ಒಂದು ನೀಲಿ ಕಾರಿನ ಚಿತ್ರ, ಅದರ ಮೇಲೆ ಒಂದು ಪ್ರಶ್ನೆ: ನೀವು ಇನ್ನೂ ಇಲ್ಲೇ ಇದ್ದೀರಾ? ಕೆಳಗೆ 'ಹೌದು' ಎಂದು ಒತ್ತುವ ಗುಂಡಿ. ಮೊದಲ ಸಲ ಲೈಸೆನ್ಸ್ ಪಡೆಯುವ ದೊಡ್ಡವರಿಗಾಗಿ ಇರುವ ಆನ್‌ಲೈನ್ ಡ್ರೈವಿಂಗ್ ಪಾಠ ಅದು.

"ನಿನಗೆ ಹುಡುಗಿ ಯಾಕೆ ಸಿಕ್ಕಿಲ್ಲ ಅಂತ ಈಗ ಗೊತ್ತಾಯ್ತು, ಮಿಹೋ" ಎಂದರು. ನಮ್ಮಲ್ಲಿ ದೊಡ್ಡವರು ಚಿಕ್ಕವರನ್ನು 'ಮಗನೇ' ಎಂದು ಕರೆಯುವುದು ಹಾಗೆ. ಪ್ರೀತಿಗೂ ಅದೇ ಪದ, ನೀನೊಬ್ಬ ಪೆದ್ದ ಎನ್ನುವುದಕ್ಕೂ ಅದೇ. ಆಮೇಲೆ ಸುತ್ತ ನೋಡಿ ದನಿ ತಗ್ಗಿಸಿ, "ಯಾರಿಗೂ ಹೇಳ್ಬೇಡ. ಅದರಲ್ಲೂ ಅನ್ಸೆಲ್ಮೋ ಕಿವಿಗೆ ಬಿದ್ರೆ ನಿನ್ನ ನಾಲಿಗೆ ಒಲೆ ಪಟ್ಟಿ ಮೇಲೆ ಇಡ್ತೀನಿ" ಎಂದರು.

ಅನ್ಸೆಲ್ಮೋ ಎಂದರೆ ಹೊವಿತಾ ಅವರ ಅಕ್ಕ ನೆಲ್ದಾಳ ಗಂಡ. ಮನೆಗಳ ಏಸಿ ರಿಪೇರಿ ಮಾಡುವವನು. ನನಗಿಂತ ಮೂವತ್ತು ವರ್ಷಕ್ಕಾದರೂ ದೊಡ್ಡವನು. ಆದರೂ ಅವನನ್ನು 'ಅವನು' ಎಂದೇ ಬರೆಯುತ್ತೇನೆ. ಈ ಕಥೆಯಲ್ಲಿ ನನ್ನ ಪಾಲಿನ ಸೇಡು ಅಷ್ಟೇ.

ನಮ್ಮ ಕಡೆ ಕಾರಿಲ್ಲದವರು ಮೂಟೆ ಇದ್ದ ಹಾಗೆ, ಯಾರಾದರೂ ಎತ್ತಿ ಇಳಿಸಬೇಕು. ಮದುವೆಯಾಗದ ಹೊವಿತಾ ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿದ್ದರು. ಅವರನ್ನು ಎತ್ತಿ ಇಳಿಸುವವನು ಅನ್ಸೆಲ್ಮೋ. ಸಂಜೆ ಕೆಲಸ ಬಿಡುವ ಹೊತ್ತಿಗೆ ಕಾರ್ಖಾನೆಯ ಮುಂದೆ ಅವನ ಕೆಂಪು ಪಿಕಪ್ ಬಂದು ಹಾರ್ನ್ ಹೊಡೆಯುತ್ತಿತ್ತು. ಹೊವಿತಾ ಓಡಿ ಬಂದು ಬಾಗಿಲಿನ ಹಿಡಿಗೆ ಕೈ ಹಾಕುವಷ್ಟರಲ್ಲಿ ಗಾಡಿ ಒಂದಿಷ್ಟು ಮುಂದೆ ಹೋಗುತ್ತಿತ್ತು. ಮತ್ತೆ ಓಡಿದರೆ ಮತ್ತೊಂದಿಷ್ಟು. "ವ್ಯಾಯಾಮ ನಾದಿನಿ, ವ್ಯಾಯಾಮ, ಟೋರ್ಟಿಯಾ ತಿಂದಿದ್ದು ಕರಗ್ಲಿ" ಎಂದು ಅವನು ಕಿಟಕಿಯಿಂದ ಕೂಗುತ್ತಿದ್ದ. ಗೇಟಿನ ಬಳಿ ನಿಂತ ನಾವೆಲ್ಲ ನಗುತ್ತಿದ್ದೆವು. ಹೊವಿತಾ ನಗುತ್ತಿರಲಿಲ್ಲ. ಹತ್ತಿ ಕೂತು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಎದುರಿನ ಗಾಜನ್ನೇ ನೋಡುತ್ತಿದ್ದರು.

ಅನ್ಸೆಲ್ಮೋಗೆ ಒಂದು ಕಥೆ ಇತ್ತು. ಹೊವಿತಾಗೆ ಹತ್ತೊಂಬತ್ತು ವರ್ಷವಿದ್ದಾಗ ಅವನು ಕಾರು ಕಲಿಸಲು ಹೋದನಂತೆ, ಆಕೆ ಕಾರನ್ನು ನೇರ ನೀರಾವರಿ ಕಾಲುವೆಗೆ ಇಳಿಸಿದರಂತೆ. ಮಾಂಸ ಸುಡುವ ಪ್ರತಿ ಭಾನುವಾರ, ಪ್ರತಿ ನಾಮಕರಣ, ಪ್ರತಿ ಮದುವೆಯಲ್ಲಿ ಅವನು ಬಿಯರ್ ಡಬ್ಬಿಯನ್ನು ಸ್ಟೀರಿಂಗ್ ಮಾಡಿಕೊಂಡು, ಹೆಂಗಸಿನ ದನಿ ತೆಗೆದು ಅದನ್ನು ಆಡಿ ತೋರಿಸುತ್ತಿದ್ದ. ವರ್ಷ ಹೋದ ಹಾಗೆ ಕಾಲುವೆ ಆಳವಾಯಿತು, ಕಾಲುವೆಯಲ್ಲಿ ಮೀನು ಬಂತು, ಮೀನಿನ ಬಾಯಲ್ಲಿ ಹೊವಿತಾರ ಚಪ್ಪಲಿ ಬಂತು.

"ಸ್ಟೀರಿಂಗ್ ಹಿಡಿದು ಎಳೆದೋನು ಅವನೇ" ಎಂದು ಹೊವಿತಾ ನನಗೆ ಹೇಳಿದರು. "ಎದುರು ಒಂದು ಟ್ರ್ಯಾಕ್ಟರ್ ಬಂತು, ನಾನು ಬ್ರೇಕ್ ಒತ್ತಿದೆ, ಅವನು ಹೆದರಿ ಎಳೆದ. ಯಾರ ಹತ್ರ ಹೇಳ್ಲಿ? ಎಲ್ಲ ಅಷ್ಟೊತ್ತಿಗೆ ನಗ್ತಾ ಇದ್ರು."

ಅದನ್ನು ಅವರು ಹೇಗೋ ನುಂಗಿಕೊಂಡಿದ್ದರು. ನುಂಗಲಾಗದ್ದು ಬೇರೆ.

ಅವರ ಅಮ್ಮ ಮಿಷನ್ ಊರಿನ ವೃದ್ಧರ ಆರೈಕೆ ಮನೆಯಲ್ಲಿದ್ದರು. ಕಾಲಿಗೆ ಬಲವಿಲ್ಲ, ತಲೆ ಚುರುಕಾಗಿತ್ತು. ಭಾನುವಾರ ಅನ್ಸೆಲ್ಮೋ ಕರೆದುಕೊಂಡು ಹೋದರೆ ಹೊವಿತಾಗೆ ಅಮ್ಮ, ಇಲ್ಲದಿದ್ದರೆ ಇಲ್ಲ. ಎಷ್ಟೋ ಭಾನುವಾರ ಅವನು ಬೆಳಿಗ್ಗೆ ಬಂದು, "ಅಲ್ಲಿ ಫ್ಲೂ ಅಂತೆ, ಯಾರನ್ನೂ ಒಳಗೆ ಬಿಡ್ತಿಲ್ವಂತೆ" ಎನ್ನುತ್ತಿದ್ದ. ಕ್ರಿಸ್ಮಸ್ ಹಿಂದಿನ ದಿನವೂ ಹಾಗೇ ಹೇಳಿದ. ಹೊವಿತಾ ಹಿಟ್ಟಿಗೆ ಹಂದಿಮಾಂಸ ತುಂಬಿ ಮೆಕ್ಕೆಜೋಳದ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ ತಮಾಲೆಗಳ ಪಾತ್ರೆ ಹಿಡಿದು, ಹೊಸ ಬಟ್ಟೆ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದರು. ತಿರುಗಿ ಒಳಗೆ ಹೋದರು.

ಜನವರಿಯಲ್ಲಿ ಒಂದು ದಿನ ಅಂತೂ ಹೋದಾಗ ಅಮ್ಮ ಕೇಳಿದರಂತೆ, "ಸುಸ್ತು ಕಮ್ಮಿ ಆಯ್ತಾ ನಿನಗೆ?"

"ಯಾವ ಸುಸ್ತಮ್ಮಾ?"

"ನೀನು ಬರದೆ ಇದ್ದಾಗೆಲ್ಲ ಅನ್ಸೆಲ್ಮೋ ಫೋನ್ ಮಾಡಿ ಹೇಳ್ತಾನಲ್ಲ. ಹೊವಿತಾಗೆ ಸುಸ್ತಂತೆ, ಬರಕ್ಕೆ ಮನಸ್ಸಿಲ್ಲವಂತೆ ಅಂತ. ಕ್ರಿಸ್ಮಸ್ಸಿಗೆ ಲಿಪ್‌ಸ್ಟಿಕ್ ಹಚ್ಕೊಂಡು ಕೂತಿದ್ದೆ. ಆಮೇಲೆ ನರ್ಸ್ ಒರೆಸಿದ್ಲು. ಇರ್ಲಿ ಬಿಡು, ದುಡಿಯೋಳು ನೀನು."

ಅಷ್ಟು ಹೇಳಿ ಅಮ್ಮ ಟೀವಿ ಕಡೆಗೆ ತಿರುಗಿಕೊಂಡರಂತೆ. ಅನ್ಸೆಲ್ಮೋ ಹೊರಗೆ ಪಿಕಪ್ಪಿನಲ್ಲಿ ಕೂತು ಹಾರ್ನ್ ಹೊಡೆಯುತ್ತಿದ್ದ.

"ಅವತ್ತೇ ಅವನ ಮುಖಕ್ಕೆ ಉಗೀಬಹುದಿತ್ತಲ್ಲ?" ಎಂದೆ.

"ಉಗಿದು? ಅಲ್ಲಿಂದ ಮನೆಗೆ ಯಾರು ಕರ್ಕೊಂಡು ಬರ್ತಿದ್ರು, ನೀನಾ?"

"ಅಮ್ಮನಿಗಾದ್ರೂ ನಿಜ ಹೇಳಬಹುದಿತ್ತು."

"ಹೇಳಿದ್ರೆ ಅಮ್ಮ ಅವನಿಗೆ ಫೋನ್ ಮಾಡ್ತಿದ್ಲು. ಅವನು ಎರಡು ಹನಿ ಕಣ್ಣೀರು ಹಾಕಿ, ತಪ್ಪಾಯ್ತು ಅತ್ತೆ ಅಂತಿದ್ದ. ಅವಳು ಕ್ಷಮಿಸ್ತಿದ್ಲು. ಅಷ್ಟು ಅಗ್ಗಕ್ಕೆ ನಾನು ಬಿಡಲ್ಲ."

ಹೀಗೆ ಅವರು ಆನ್‌ಲೈನ್ ಪಾಠಕ್ಕೆ ಸೇರಿದ್ದರು. ಅದನ್ನು ಮುಗಿಸಿದರೆ ಲೈಸೆನ್ಸ್ ಕಚೇರಿಯಲ್ಲಿ ಬರೆಯುವ ಪರೀಕ್ಷೆ ಇರುವುದಿಲ್ಲ. ಆದರೆ ಪಾಠಕ್ಕೊಂದು ಗಡಿಯಾರ ಕಟ್ಟಿರುತ್ತಾರೆ. ಹಾರಿಸಿ ಮುಂದೆ ಹೋಗುವ ಹಾಗಿಲ್ಲ, ಪುಟದ ಹೊತ್ತು ಮುಗಿಯದೆ ಪುಟ ಮಗುಚುವುದಿಲ್ಲ, ಫೋನ್ ಬದಿಗಿಟ್ಟು ತೂಕಡಿಸಿದರೆ 'ಇದ್ದೀರಾ' ಎಂದು ಕೇಳಿ ಹೊರಗೆ ಹಾಕುತ್ತದೆ. ಓದುತ್ತಿರುವುದು ನೀವೇ ಹೌದೋ ಎಂದು ನೋಡಲು ಅಮ್ಮನ ತವರಿನ ಹೆಸರನ್ನು ಆಗಾಗ ಕೇಳುತ್ತದೆ. ನಾನು ಹದಿನೆಂಟಕ್ಕೆ ಅದೇ ಪಾಠ ಮಾಡಿದವನು. ಅರ್ಧ ಪಾಠದುದ್ದಕ್ಕೂ ನನ್ನ ತಂಗಿಯ ಕೈಯಲ್ಲಿ 'ಹೌದು' ಒತ್ತಿಸಿ ಒಳಗೆ ಆಟ ನೋಡುತ್ತಿದ್ದೆ. ಅದರ ಫಲವಾಗಿ ರಸ್ತೆಯ ಪರೀಕ್ಷೆಯಲ್ಲಿ ಪಾಸಾಗಲು ಮೂರು ಸಲ ಹೋಗಬೇಕಾಯಿತು.

ಹೊವಿತಾ ಒಂದು ಅಕ್ಷರ ಬಿಡಲಿಲ್ಲ. ಪಾಠ ಹೇಳುವ ಯುವಕನ ಹಲ್ಲು ವಿಪರೀತ ಬೆಳ್ಳಗಿತ್ತು. ಅವನಿಗೆ ಇವರು ಹಲ್ಲಪ್ಪ ಎಂದು ಹೆಸರಿಟ್ಟಿದ್ದರು. "ಇವತ್ತು ಹಲ್ಲಪ್ಪ ಅನ್ಸೆಲ್ಮೋ ಬಗ್ಗೆನೇ ಹೇಳಿದ" ಎನ್ನುತ್ತಿದ್ದರು. ಮುಂದಿನ ಗಾಡಿಯ ಬಾಲಕ್ಕೆ ಅಂಟಿಕೊಂಡು ಓಡಿಸುವವರು, ತಿರುಗುವಾಗ ದೀಪ ಹಾಕದವರು, ಹಾರ್ನನ್ನು ಬೈಗುಳದಂತೆ ಬಳಸುವವರು, ಎಲ್ಲ ಪುಟದಲ್ಲೂ ಅವರಿಗೆ ಭಾವ ಕಾಣಿಸುತ್ತಿದ್ದ. ಸಿಟ್ಟಿನಲ್ಲಿ ಗಾಡಿ ಓಡಿಸಬಾರದು, ಆಳವಾಗಿ ಉಸಿರು ಎಳೆದುಕೊಳ್ಳಿ ಎಂಬ ಪಾಠ ಬಂದ ದಿನ ನಾನು ಬೇಕೆಂದೇ ಕೇಳಿದೆ, "ಎಳ್ಕೊಂಡ್ರಾ?"

"ಎಳ್ಕೊಂಡೆ. ಒಲೆಗೆ ಗಾಳಿ ಹಾಕಿದ ಹಾಗಾಯ್ತು."

ಪಾಠ ಮುಗಿದು ಕಲಿಕೆಯ ಪರವಾನಗಿ ಬಂತು. ಇನ್ನು ನಿಜವಾದ ಕಾರು ಬೇಕು. ನಮ್ಮಲ್ಲಿ ರಸ್ತೆಯ ಪರೀಕ್ಷೆಗೆ ಸರ್ಕಾರ ಕಾರು ಕೊಡುವುದಿಲ್ಲ. ಕಾರನ್ನೂ, ಲೈಸೆನ್ಸ್ ಇರುವ ಒಬ್ಬರನ್ನೂ ನಾವೇ ಕರೆದುಕೊಂಡು ಹೋಗಬೇಕು. ಹೊವಿತಾಗೆ ಗೊತ್ತಿದ್ದ ಜನರಲ್ಲಿ ಅನ್ಸೆಲ್ಮೋನ ಜೊತೆ ಬಿಯರ್ ಕುಡಿಯದವನು ನಾನೊಬ್ಬನೇ ಆದ್ದರಿಂದ ಅದೃಷ್ಟ ನನಗೆ ಒಲಿಯಿತು. ಬಿಸಿಲಿಗೆ ಬಣ್ಣ ಕಿತ್ತು ಚಿರತೆಯಂತಾಗಿದ್ದ ನನ್ನ ಕಾರನ್ನು ನೋಡಿ ಅವರು, "ಇದು ನಿಲ್ಲುತ್ತಾ?" ಎಂದರು. ಓಡುತ್ತಾ ಎಂದು ಕೇಳಲಿಲ್ಲ.

ಅನ್ಸೆಲ್ಮೋಗೆ ಓವರ್‌ಟೈಮ್ ಎಂದು ಹೇಳಿ, ಸಂಜೆ ನಾವು ಊರ ಸಂತೆ ಮೈದಾನಕ್ಕೆ ಹೋಗುತ್ತಿದ್ದೆವು. ಶನಿವಾರ ಭಾನುವಾರ ಮಾತ್ರ ಅಲ್ಲಿ ಜನ, ಉಳಿದ ದಿನ ಖಾಲಿ. ಎರಡು ಕಿತ್ತಳೆ ಬಣ್ಣದ ಡ್ರಮ್ಮುಗಳ ನಡುವೆ ಕಾರನ್ನು ಹಿಂದಕ್ಕೆ ತಂದು ಸರಿಯಾಗಿ ನಿಲ್ಲಿಸುವುದು ಪರೀಕ್ಷೆಯ ಮೊದಲ ಗಂಡಾಂತರ. ಹಿಂದಿನ ಡ್ರಮ್ಮಿಗೆ ಹೊವಿತಾ ಭಾವನ ಹೆಸರಿಟ್ಟರು.

"ಅದು ಅವನ ಹೊಟ್ಟೆ. ನೋಡ್ತಾ ಇರು."

ಕಾರು ಸರ್ರನೆ ಹಿಂದೆ ಹೋಗಿ ಡ್ರಮ್ಮಿನ ಹತ್ತಿರ ಹತ್ತಿರ ನಿಲ್ಲುತ್ತಿತ್ತು. ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ.

"ಒಂದ್ಸಲ ಗುದ್ದಿಬಿಡಿ ಡೊನ್ಯಾ, ಸಮಾಧಾನ ಆಗ್ಲಿ."

"ಬೇಡ. ಮುಟ್ಟಿದ್ರೆ ಅವನಿಗೆ ಇನ್ನೊಂದು ಕಥೆ ಸಿಗುತ್ತೆ."

ಮಾರ್ಚ್ ಬರುವಷ್ಟರಲ್ಲಿ ಅವರು ನನಗಿಂತ ಚೆನ್ನಾಗಿ ಓಡಿಸುತ್ತಿದ್ದರು. ಅದೇನು ದೊಡ್ಡ ಮಾತಲ್ಲ. ಒಂದೇ ಒಂದು ತೊಂದರೆ ಉಳಿದಿತ್ತು. ಊರಿನ ಸಂತ ಇಸಿದ್ರೋ ಚರ್ಚಿನ ಮುಂದೆ ಹಾದುಹೋಗುವಾಗ ನಾವು ಎಲ್ಲರೂ ಹಣೆ, ಎದೆ, ಭುಜಗಳನ್ನು ಮುಟ್ಟಿ ಶಿಲುಬೆಯ ಗುರುತು ಮಾಡಿಕೊಳ್ಳುತ್ತೇವೆ. ಬಸ್ಸಿನಲ್ಲಿದ್ದರೂ, ಸೈಕಲ್ ಮೇಲಿದ್ದರೂ ಕೈ ತಾನಾಗಿ ಏಳುತ್ತದೆ. ಹೊವಿತಾ ಐವತ್ತು ವರ್ಷ ಪಕ್ಕದ ಸೀಟಿನಲ್ಲಿ ಕೂತವರು. ಪಕ್ಕದ ಸೀಟಿನವರ ಕೈಗೆ ಬೇರೆ ಕೆಲಸವಿರುವುದಿಲ್ಲ. ಹಾಗಾಗಿ ಅವರದು ಅವಸರದ ಗುರುತಲ್ಲ. ಕಣ್ಣು ಮುಚ್ಚಿ, ಬೆರಳುಗಳಿಗೆ ಮುತ್ತಿಟ್ಟು, ಒಂದು ಸಣ್ಣ ಪ್ರಾರ್ಥನೆಯೂ ಸೇರಿದ ಪೂರ್ತಿ ಸೇವೆ. ಚರ್ಚಿನ ಮುಂದೆ ಬಂದಾಗಲೆಲ್ಲ ನಾನು "ಕೈ, ಕೈ, ಕಣ್ಣು, ಕಣ್ಣು" ಎಂದು ಕೂಗುತ್ತಿದ್ದೆ.

ಪರೀಕ್ಷೆಯ ದಾರಿ ಆ ಚರ್ಚಿನ ಮುಂದೆಯೇ ಹೋಗುತ್ತಿತ್ತು. ಡ್ರಮ್ಮುಗಳ ನಡುವೆ ಕಾರು ಬೆಣ್ಣೆಯಂತೆ ಕೂತದ್ದನ್ನು ನಾನು ಕಚೇರಿಯ ಅಂಗಳದಿಂದ ನೋಡಿದೆ. ಪಕ್ಕದಲ್ಲಿ ಪರೀಕ್ಷಕಿ, ಉದ್ದ ಉಗುರಿಗೆ ನೇರಳೆ ಬಣ್ಣ ಹಚ್ಚಿಕೊಂಡ ಸಿಡುಕು ಮುಖದ ಹೆಂಗಸು. ಕಾರು ಹೊರಗೆ ಹೋಯಿತು. ತಿರುಗಿ ಬಂದಾಗ ಹೊವಿತಾ ಕಾರಿನಿಂದ ಇಳಿಯಲೇ ಇಲ್ಲ, ಸ್ಟೀರಿಂಗ್ ಹಿಡಿದೇ ಕೂತಿದ್ದರು.

"ಚರ್ಚಾ?" ಎಂದೆ.

"ಚರ್ಚು. ಆ ಹೆಂಗಸೂ ಗುರುತು ಮಾಡ್ಕೊಂಡ್ಲು ಕಣೋ, ನನ್ನ ಜೊತೆನೇ. ಆಮೇಲೆ ಫೇಲ್ ಮಾಡಿದ್ಲು. ಕೇಳಿದ್ರೆ, ಸ್ಟೀರಿಂಗ್ ನಿಮ್ಮ ಕೈಲಿತ್ತು ಅಮ್ಮಾ, ನನ್ನ ಕೈಲಲ್ಲ ಅಂದ್ಲು."

ಆ ದಿನ ಕಚೇರಿಯ ಸಾಲಿನಲ್ಲಿ ಅನ್ಸೆಲ್ಮೋನ ಗಿರಾಕಿಯೊಬ್ಬ ನಿಂತಿದ್ದ, ನಮ್ಮ ಮಾತೆಲ್ಲ ಅವನ ಕಿವಿಗೆ ಬಿದ್ದಿತ್ತು. ಇನ್ನು ಹೇಳುವುದೇನಿದೆ. ಮಾರನೆಯ ಸಂಜೆ ಕೆಂಪು ಪಿಕಪ್ ಕಾರ್ಖಾನೆಯ ಮುಂದೆ ಬಂದು ನಿಂತಿತು. ಅನ್ಸೆಲ್ಮೋ ಕಿಟಕಿ ಇಳಿಸಿ, ಎರಡೂ ಕೈ ಮೇಲೆತ್ತಿ, ಕಣ್ಣು ಮುಚ್ಚಿ, ತನ್ನ ಆ ಹೆಂಗಸಿನ ದನಿಯಲ್ಲಿ, "ದೇವಮಾತೇ, ಸ್ಟೀರಿಂಗ್ ನೀನೇ ಹಿಡ್ಕೋ" ಎಂದ. ಪೊಟ್ಟಣ ತುಂಬುವವರು, ಒಲೆಯವರು, ಲಾರಿಗೆ ಹೇರುವವರು ಎಲ್ಲರೂ ಗೇಟಿನಲ್ಲಿದ್ದರು.

"ಮೊದಲು ಕಾಲುವೆ, ಈಗ ನೇರ ಸ್ವರ್ಗಕ್ಕೇ ಹೊರಟಿದ್ದಾಳೆ ನನ್ನ ನಾದಿನಿ" ಎಂದ. ಆಮೇಲೆ ನಗು ನಿಲ್ಲಿಸಿ, "ಕದ್ದು ಕಲಿಯೋಕೆ ಹೋಗಿದ್ದೆ ಅಲ್ವಾ? ನನ್ನ ಗಾಡಿ ಸಾಕಾಯ್ತಾ? ಸರಿ ಡ್ರೈವರಮ್ಮ, ಇನ್ಮೇಲೆ ಅಮ್ಮನ್ನ ನೋಡೋಕೆ ನೀನೇ ಹೋಗು. ಈಸ್ಟರಿಗೂ ನಾನು ಅತ್ತೇನ ಕರ್ಕೊಂಡು ಬರಲ್ಲ. ಅಲ್ಲೇ ಇರ್ಲಿ" ಎಂದ. ಗಾಡಿ ಹೊರಟುಹೋಯಿತು. ಈ ಸಲ ಒಂದಿಷ್ಟು ಮುಂದೆ ಹೋಗಿ ನಿಲ್ಲಲಿಲ್ಲ.

ಹೊವಿತಾ ನಡೆಯತೊಡಗಿದರು. ನಮ್ಮ ಕಡೆ ಏಪ್ರಿಲ್ ಮುಟ್ಟುವ ಮುಂಚೆಯೇ ಟಾರು ಮೆತ್ತಗಾಗಿರುತ್ತದೆ. ನಾನು ಕಾರನ್ನು ಅವರ ಪಕ್ಕದಲ್ಲೇ ನಿಧಾನಕ್ಕೆ ಬಿಟ್ಟುಕೊಂಡು ಹೋದೆ.

"ಹತ್ತಿ ಡೊನ್ಯಾ."

"ಬೇಡ."

"ಬಿಸಿಲಿದೆ."

"ಈಗ ಹತ್ತಿದ್ರೆ ಅಳ್ತೀನಿ. ಅತ್ರೆ ಸಿಟ್ಟು ಇಳಿದು ಹೋಗುತ್ತೆ. ಅದು ನನಗೆ ಈಸ್ಟರ್ ತನಕ ಬೇಕು."

ಈಸ್ಟರ್ ಎಂದರೆ ನಮ್ಮಲ್ಲಿ ಚರ್ಚಿಗಿಂತ ಪಾರ್ಕು ಮುಖ್ಯ. ಇಡೀ ಕುಟುಂಬ ಬೆಳಿಗ್ಗೆಯೇ ಹೋಗಿ ಮರದ ನೆರಳು ಹಿಡಿದು, ಬೆಂಕಿ ಹಾಕಿ, ದಿನವಿಡೀ ಮಾಂಸ ಸುಟ್ಟು ತಿನ್ನುವುದು. ಅಮ್ಮ ಆರೈಕೆ ಮನೆ ಸೇರಿದ ಮೇಲೂ ಆ ಒಂದು ದಿನ ಮಾತ್ರ ತಪ್ಪಿಸಿರಲಿಲ್ಲ. ಈ ಸಲ ಮಕ್ಕಳು ಮೊಮ್ಮಕ್ಕಳೆಲ್ಲ ಪಾರ್ಕಿನಲ್ಲಿರುವಾಗ ಆಕೆ ಲಿಪ್‌ಸ್ಟಿಕ್ ಹಚ್ಚಿಕೊಂಡು ಕಿಟಕಿಯಲ್ಲಿ ಕೂರಬೇಕು. ಆಮೇಲೆ ಅನ್ಸೆಲ್ಮೋ ಫೋನ್ ಮಾಡಿ ಯಾರಿಗೆ ಸುಸ್ತು ಎನ್ನುತ್ತಾನೋ ಹೊವಿತಾಗೆ ಗೊತ್ತಿತ್ತು. ನಾನು ಕರೆದುಕೊಂಡು ಹೋಗುತ್ತೇನೆ ಎಂದೆ. ನೀನು ಕರೆದುಕೊಂಡು ಹೋದರೆ ಅನ್ಸೆಲ್ಮೋನ ಗಾಡಿಯಿಂದ ನಿನ್ನ ಗಾಡಿಗೆ ಬಿದ್ದ ಹಾಗಷ್ಟೇ ಎಂದರು.

ಎರಡನೆಯ ಪರೀಕ್ಷೆಯ ದಿನ ಸಿಕ್ಕಿದ್ದು ಈಸ್ಟರಿಗೆ ಮುಂಚಿನ ಬುಧವಾರ. ಅದಕ್ಕೆ ಮುಂಚೆ ಹೊವಿತಾ ಚರ್ಚಿನ ಪಾದ್ರಿಯನ್ನು ಕೇಳಿ ಬಂದಿದ್ದರು.

"ಮನಸ್ಸಲ್ಲೇ ಗುರುತು ಮಾಡ್ಕೋ, ಸಾಕು ಅಂದ್ರು. ಅವರಿಗೇನು ಗೊತ್ತು? ನನ್ನ ಮನಸ್ಸು ತುಂಬ ಅನ್ಸೆಲ್ಮೋನೇ ಕೂತಿದ್ದಾನೆ. ಅಲ್ಲಿ ದೇವರನ್ನ ಎಲ್ಲಿ ಕೂರಿಸ್ಲಿ?"

"ಮತ್ತೇನು ಮಾಡ್ತೀರಿ?"

"ನೀನು ಮಾಡ್ತೀಯ. ಚರ್ಚಿನ ಮೆಟ್ಟಿಲ ಮೇಲೆ ನಿಂತು, ನಾನು ಹಾದುಹೋಗೋವಾಗ ನನ್ನ ಪರವಾಗಿ ಗುರುತು ಮಾಡು. ನೀನು ಮಾಡ್ತಾ ಇದ್ದೀಯ ಅಂತ ಕಂಡ್ರೆ ನನ್ನ ಕೈ ಏಳಲ್ಲ."

ಹೀಗೆ ಬುಧವಾರ ಬೆಳಿಗ್ಗೆ, ಸಂಬಳ ಕತ್ತರಿಸಿಕೊಂಡು ರಜೆ ಹಾಕಿದ ನಾನು, ಸಂತ ಇಸಿದ್ರೋ ಚರ್ಚಿನ ಮೆಟ್ಟಿಲ ಮೇಲೆ ನಿಂತಿದ್ದೆ. ಕಚೇರಿಯಿಂದ ಅಲ್ಲಿಗೆ ನಡೆದು ಹೋಗುವಷ್ಟೇ ದೂರ. ನನ್ನ ಚಿರತೆ ಯಾವಾಗ ಬರುತ್ತದೋ ಗೊತ್ತಿಲ್ಲದ್ದರಿಂದ ದೂರದಲ್ಲಿ ಯಾವ ಕಾರು ಕಂಡರೂ ಗುರುತು ಮಾಡತೊಡಗಿದೆ. ಮೆಟ್ಟಿಲು ಗುಡಿಸುತ್ತಿದ್ದ ಅಜ್ಜಿ ಪೊರಕೆ ನಿಲ್ಲಿಸಿ ಮರುಕದಿಂದ ನೋಡಿದಳು.

"ಯಾರು ತೀರ್ಕೊಂಡ್ರು, ಮಗಾ?"

"ಇನ್ನೂ ಯಾರೂ ಇಲ್ಲ ಅಜ್ಜಿ. ಡ್ರೈವಿಂಗ್ ಪರೀಕ್ಷೆ ನಡೀತಾ ಇದೆ."

ಕಾರು ಬಂತು. ನಾನು ಗಾಳಿಗಿರಣಿಯಂತೆ ಕೈ ಆಡಿಸಿದೆ, ಹಣೆ, ಎದೆ, ಎಡ, ಬಲ, ಮತ್ತೆ ಹಣೆ. ಹೊವಿತಾ ನನ್ನ ಕಡೆ ಒಂದು ಕ್ಷಣ ಕಣ್ಣು ಹಾಯಿಸಿದರು. ಅವರ ಎರಡೂ ಕೈ ಸ್ಟೀರಿಂಗನ್ನು ಯಾರದೋ ಕತ್ತು ಹಿಡಿದ ಹಾಗೆ ಹಿಡಿದಿದ್ದವು. ಪಕ್ಕದಲ್ಲಿ ನೇರಳೆ ಉಗುರಿನವಳು ಭಕ್ತಿಯಿಂದ ಗುರುತು ಮಾಡಿಕೊಳ್ಳುತ್ತಿದ್ದಳು. ಕಾರು ತಿರುವಿಗೆ ಮುಂಚೆ ದೀಪ ಹಾಕಿ, ನಿಂತು, ನೋಡಿ, ತಿರುಗಿತು.

ನಾನು ಓಡಿಕೊಂಡು ಕಚೇರಿಗೆ ಬರುವ ಹೊತ್ತಿಗೆ ಹೊವಿತಾ ತಾತ್ಕಾಲಿಕ ಲೈಸೆನ್ಸಿನ ಕಾಗದವನ್ನು ಎರಡು ಬೆರಳಲ್ಲಿ ಹಿಡಿದು ಅಂಗಳದಲ್ಲಿ ನಿಂತಿದ್ದರು. ಅಪ್ಪಿಕೊಳ್ಳುತ್ತಾರೇನೋ ಎಂದು ನಾನು ಕೈ ಅಗಲಿಸಿದೆ.

"ಭಾನುವಾರ ನಿನ್ನ ಕಾರು ಬೇಕು" ಎಂದರು.

ಈಸ್ಟರ್ ದಿನ ನಾನು ನನ್ನ ಕಾರಿನ ಹಿಂದಿನ ಸೀಟಿನಲ್ಲಿ, ತೊಡೆಯ ಮೇಲೆ ಮೊಟ್ಟೆ ತಟ್ಟೆ ಇಟ್ಟುಕೊಂಡು ಕೂತಿದ್ದೆ. ಮೊಟ್ಟೆ ಎಂದರೆ ಬರೀ ಚಿಪ್ಪು. ವರ್ಷವಿಡೀ ತುದಿ ಒಡೆದು ತೊಳೆದಿಟ್ಟ ಚಿಪ್ಪುಗಳಿಗೆ ಬಣ್ಣ ಬಳಿದು, ಒಳಗೆ ಕಾಗದದ ಚೂರು ತುಂಬಿ, ಬಾಯಿ ಅಂಟಿಸಿರುತ್ತೇವೆ. ಅವನ್ನು ಈಸ್ಟರ್ ದಿನ ಒಬ್ಬರ ತಲೆಯ ಮೇಲೆ ಒಬ್ಬರು ಒಡೆಯುವುದು. ಒಡೆಸಿಕೊಂಡವರು ಸಿಟ್ಟಾಗುವ ಹಾಗಿಲ್ಲ, ಅದು ಶುಭ.

ಮಿಷನ್ನಿನ ಆರೈಕೆ ಮನೆಯ ಬಾಗಿಲಲ್ಲಿ ಗಾಲಿಕುರ್ಚಿಯಲ್ಲಿದ್ದ ಅಮ್ಮ ಕಾರನ್ನೂ ಮಗಳನ್ನೂ ನೋಡಿ, "ಅನ್ಸೆಲ್ಮೋ ಎಲ್ಲಿ?" ಎಂದರು.

"ಪಾರ್ಕಲ್ಲಿದ್ದಾನೆ."

"ಮತ್ತೆ ಓಡಿಸೋರು ಯಾರು?"

"ನಾನು."

ಅಮ್ಮ ನನ್ನ ಕಡೆ ತಿರುಗಿ, "ಇಲ್ಲಿ ಎಲ್ಲಾದ್ರೂ ಕಾಲುವೆ ಇದೆಯಾ ಮಗಾ?" ಎಂದು ಮೆಲ್ಲಗೆ ಕೇಳಿದರು. ದಾರಿಯುದ್ದಕ್ಕೂ ಬಾಗಿಲಿನ ಹಿಡಿ ಬಿಡಲಿಲ್ಲ. ಹೊವಿತಾ ಕ್ರಿಸ್ಮಸ್ಸಿನ ಮಾತು ಎತ್ತಲಿಲ್ಲ. ನಿಜ ಹೇಳುವುದಕ್ಕೆ ಅದು ಜಾಗವಲ್ಲ, ಕೇಳುವ ಜನ ಕಡಿಮೆ.

ಪಾರ್ಕಿನಲ್ಲಿ ಹೊಗೆ ಎದ್ದಿತ್ತು. ಅನ್ಸೆಲ್ಮೋ ಮಾಂಸದ ಇಕ್ಕಳವನ್ನೇ ಸ್ಟೀರಿಂಗ್ ಮಾಡಿಕೊಂಡು, ಸುತ್ತ ನೆಂಟರನ್ನು ನಿಲ್ಲಿಸಿಕೊಂಡು ಚರ್ಚಿನ ಕಥೆ ಆಡಿ ತೋರಿಸುತ್ತಿದ್ದ. ಅವನ ಕೆಂಪು ಪಿಕಪ್ ರಸ್ತೆಯ ಅಂಚಿನಲ್ಲಿ, ಮುಂದೆ ಸಿಮೆಂಟಿನ ಕಸದ ತೊಟ್ಟಿ, ಹಿಂದೆ ಒಂದು ಕಾರಿನಷ್ಟು ಖಾಲಿ ಜಾಗ, ಅದರ ಹಿಂದೆ ಒಂದು ಮರ, ಹಾಗೆ ನಿಂತಿತ್ತು. ಹೊವಿತಾ ಮುಂದೆ ಹೋಗಿ, ದೀಪ ಹಾಕಿ, ಹಿಂದೆ ತಿರುಗಿ ನೋಡಿ, ಒಂದೇ ಏಟಿಗೆ ಕಾರನ್ನು ಆ ಸಂದಿಗೆ ಇಳಿಸಿದರು. ಅನ್ಸೆಲ್ಮೋನ ಗಾಡಿಗೂ ನನ್ನದಕ್ಕೂ ನಡುವೆ ಬೆರಳು ತೂರಿಸುವಷ್ಟು ಜಾಗ ಉಳಿಯಿತು. ಮುಟ್ಟಲಿಲ್ಲ. ಕಥೆ ಕೇಳುತ್ತಿದ್ದವರೆಲ್ಲ ಇತ್ತ ತಿರುಗಿದ್ದರು. ಅನ್ಸೆಲ್ಮೋನ ಇಕ್ಕಳ ಗಾಳಿಯಲ್ಲೇ ನಿಂತಿತ್ತು.

ನಾನು ಅಮ್ಮನನ್ನು ಕುರ್ಚಿಗೆ ಇಳಿಸಿ ನೆರಳಿಗೆ ತಳ್ಳಿಕೊಂಡು ಹೋದೆ.

"ಅತ್ತೆ, ನೀವು... ಯಾರು ಕರ್ಕೊಂಡು ಬಂದ್ರು?" ಎಂದ ಅನ್ಸೆಲ್ಮೋ.

"ಹೊವಿತಾ. ಇವತ್ತು ಅವಳಿಗೆ ಸುಸ್ತಿಲ್ಲ ಅಂತ ಕಾಣುತ್ತೆ."

ಹೊವಿತಾ ಕೈಚೀಲವನ್ನು ಮೇಜಿನ ಮೇಲಿಟ್ಟು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. "ನನಗೆ ಯಾವತ್ತೂ ಸುಸ್ತಾಗಿರ್ಲಿಲ್ಲ ಅಮ್ಮ. ಕ್ರಿಸ್ಮಸ್ಸಿಗೆ ನಿನಗೆ ಅಂತ ಮಾಡಿದ್ದ ತಮಾಲೆ ಹಿಡ್ಕೊಂಡು ಬಾಗಿಲಲ್ಲಿ ನಿಂತಿದ್ದೆ. ಅಲ್ಲಿ ಫ್ಲೂ, ಯಾರನ್ನೂ ಬಿಡಲ್ಲ ಅಂತ ಇವನು ಹೇಳಿದ. ನನ್ನ ಹತ್ರ ಫ್ಲೂ ಅಂದ, ನಿನ್ನ ಹತ್ರ ಸುಸ್ತು ಅಂದ. ಅವತ್ತು ಎಲ್ಲಿಗೆ ಹೋಗಿದ್ದೆ ಅನ್ಸೆಲ್ಮೋ? ಹೇಳು. ಕಥೆ ಹೇಳೋದು ನಿನಗೆ ಚೆನ್ನಾಗಿ ಬರುತ್ತಲ್ಲ."

ಅನ್ಸೆಲ್ಮೋ ಮಾಂಸ ಮಗುಚಿದ. ಮಗುಚಿದ್ದನ್ನೇ ಮತ್ತೆ ಮಗುಚಿದ. "ಇವತ್ತು ಹಬ್ಬ, ನಾದಿನಿ. ಈಗ್ಯಾಕೆ ಅದೆಲ್ಲ?"

"ಮೀನು ಹಿಡಿಯೋಕೆ" ಎಂದಳು ನೆಲ್ದಾ, ಈರುಳ್ಳಿ ಹೆಚ್ಚುತ್ತಿದ್ದ ಕಡೆಯಿಂದ ತಲೆ ಎತ್ತದೆ. "ಅವತ್ತು ಮೀನು ಹಿಡಿಯೋಕೆ ಹೋಗಿದ್ರು. ಆರೈಕೆ ಮನೆ ಮುಚ್ಚಿದೆ ಅಂತ ನನಗೂ ಹೇಳಿದ್ರು."

ಅಮ್ಮ ಅಳಿಯನನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ಕೈ ಚಾಚಿ, "ಒಂದು ಮೊಟ್ಟೆ ಕೊಡು" ಎಂದರು. "ಬಾ ಅನ್ಸೆಲ್ಮೋ, ಬಗ್ಗು. ಹಬ್ಬ ಅಲ್ವಾ."

ಅವನು ಬಗ್ಗಿದ. ಬಗ್ಗದೆ ಇರುವ ಹಾಗಿಲ್ಲ. ಅಮ್ಮ ಚಿಪ್ಪನ್ನು ಅವನ ನೆತ್ತಿಯ ಮೇಲೆ ನಿಧಾನವಾಗಿ, ಹಿಸುಕಿ ಒಡೆದರು. ಗುಲಾಬಿ ಕಾಗದ ಕಿವಿಗೆ, ಮೀಸೆಗೆ ಉದುರಿತು. "ಇನ್ನೊಂದು" ಎಂದರು. ಅದನ್ನೂ ಒಡೆದರು. "ಇನ್ನೊಂದು." ಅಜ್ಜಿ ಆಟ ಶುರುಮಾಡಿದಳೆಂದುಕೊಂಡು ಮಕ್ಕಳೆಲ್ಲ ತಮ್ಮ ತಮ್ಮ ಮೊಟ್ಟೆ ಹಿಡಿದು ಓಡಿಬಂದವು. ಆ ಆರಡಿ ಮನುಷ್ಯ ಗಾಲಿಕುರ್ಚಿಯ ಮುಂದೆ ತಲೆ ತಗ್ಗಿಸಿ ನಿಂತಿದ್ದ, ಸುತ್ತ ಮಕ್ಕಳು ಎಗರಿ ಎಗರಿ ಒಡೆಯುತ್ತಿದ್ದವು. ನೆಂಟರೆಲ್ಲ ನಗುತ್ತಿದ್ದರು. ಇಷ್ಟು ದಿನ ಹೊವಿತಾರನ್ನು ನೋಡಿ ನಕ್ಕದ್ದೂ ಅದೇ ಬಾಯಿಗಳು, ಒಂದು ಹಲ್ಲೂ ವ್ಯತ್ಯಾಸವಿರಲಿಲ್ಲ.

ಕೊನೆಗೆ ಅವನು ಐಸ್ ತರುವ ನೆಪದಲ್ಲಿ ಪಿಕಪ್ ಹತ್ತಿದ. ಆಗ ತಿಳಿಯಿತು, ಮುಂದೆ ತೊಟ್ಟಿ, ಹಿಂದೆ ನನ್ನ ಚಿರತೆ. ಹಾರ್ನ್ ಹೊಡೆದ. ಹೊವಿತಾ ಅಮ್ಮನಿಗೆ ಮಾಂಸವನ್ನು ಸಣ್ಣಗೆ ಕತ್ತರಿಸಿ ಕೊಡುತ್ತಿದ್ದರು. ಮತ್ತೆ ಹೊಡೆದ.

"ಡೊನ್ಯಾ, ಕಾರು ತೆಗೀಲಾ?" ಎಂದು ನಾನು ಬೀಗದ ಕೈಗೆ ಕೈ ಚಾಚಿದೆ.

ಅವರು ಬೀಗದ ಕೈಯನ್ನು ರವಿಕೆಯೊಳಗೆ ಸೇರಿಸಿದರು. "ಅಮ್ಮ ನಿಧಾನಕ್ಕೆ ತಿಂತಾಳೆ" ಎಂದರು.

ಅಮ್ಮ ನಿಜಕ್ಕೂ ನಿಧಾನಕ್ಕೆ ತಿಂದರು. ಆಮೇಲೆ ಕಾಫಿ ಕೇಳಿದರು. ಆಮೇಲೆ ಒಂದು ಜೊಂಪು ಮಲಗಿದರು. ಬಿಸಿಲಿನಲ್ಲಿ ಕೆಂಪು ಪಿಕಪ್ಪಿನೊಳಗೆ ಅನ್ಸೆಲ್ಮೋ ತಲೆ ತುಂಬ ಬಣ್ಣದ ಕಾಗದ ಹೊತ್ತು ಕೂತಿದ್ದ. ಊರಿಗೆಲ್ಲ ಏಸಿ ರಿಪೇರಿ ಮಾಡುವವನ ಗಾಡಿಯ ಏಸಿ ಕೆಟ್ಟಿತ್ತೆಂದು ನನಗೆ ಅವತ್ತೇ ಗೊತ್ತಾದದ್ದು.

ಇದೆಲ್ಲ ಆಗಿ ಒಂದು ವರ್ಷದ ಮೇಲಾಯಿತು. ಹೊವಿತಾ ಅಕ್ಕನ ಮನೆ ಬಿಟ್ಟು ಒಂದು ಬಾಡಿಗೆ ಕೋಣೆ ಹಿಡಿದರು, ಹಳೆಯ ಬೂದು ಬಣ್ಣದ ಕಾರೊಂದನ್ನು ಕೊಂಡರು. ಪ್ರತಿ ಭಾನುವಾರ ಮಿಷನ್ನಿಗೆ ಹೋಗುತ್ತಾರೆ. ನೆಲ್ದಾ ಕೂಡ ಈಗ ತಂಗಿಯ ಕಾರಿನಲ್ಲೇ ಹೋಗುತ್ತಾಳೆ, ಅನ್ಸೆಲ್ಮೋ ಬಾಗಿಲಲ್ಲಿ ನಿಂತು ನೋಡುತ್ತಾನೆ. ಅವನನ್ನು ಯಾರೂ ಕರೆಯುವುದಿಲ್ಲ. ಒಂದು ಸಲ ಅವನು ತಾನಾಗಿ ಬಂದು ಕ್ಷಮೆ ಕೇಳಿದನಂತೆ. ಹೊವಿತಾ ಕಾರಿನ ಕಿಟಕಿಯನ್ನು ಅರ್ಧ ಮಾತ್ರ ಇಳಿಸಿ ಕೇಳಿಸಿಕೊಂಡು, ಪೂರ್ತಿ ಏರಿಸಿ ಹೊರಟರಂತೆ.

ಹೋದ ತಿಂಗಳು, ತಾಯಂದಿರ ದಿನದ ಪೂಜೆಯಲ್ಲಿ ಪಾದ್ರಿ ಉಪದೇಶದ ನಡುವೆ ಹೊವಿತಾರನ್ನು ಎದ್ದು ನಿಲ್ಲಿಸಿ, ಹಡೆದ ತಾಯಿಗಾಗಿ ಐವತ್ತು ದಾಟಿದ ಮೇಲೆ ಕಾರು ಕಲಿತ ಈ ಮಗಳನ್ನು ನೋಡಿ, ಪ್ರೀತಿ ಎಂದರೆ ಇದು ಎಂದರು. ಹೆಂಗಸರು ಕಣ್ಣು ಒರೆಸಿಕೊಂಡರು. ಗಾಲಿಕುರ್ಚಿಯಲ್ಲಿದ್ದ ಅಮ್ಮನಂತೂ ಬಿಕ್ಕಿ ಬಿಕ್ಕಿ ಅತ್ತರು.

ಮಾರನೆಯ ದಿನ ಮೆಸ್ಕೀಟ್ ಮರದ ಕೆಳಗೆ ನಾನು ನನ್ನ ಬಕೆಟ್ಟನ್ನು ಅವರ ಪಕ್ಕಕ್ಕೆ ಎಳೆದುಕೊಂಡೆ. ಕೇಳಬಾರದು ಎಂದು ಗೊತ್ತಿತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಳ್ಳುವುದು ನನಗೆ ಯಾವ ಪಾಠದಲ್ಲೂ ಬಂದಿಲ್ಲ.

"ಡೊನ್ಯಾ, ಪಾದ್ರಿ ಹೇಳಿದ್ದು ನಿಜಾನಾ? ಅಮ್ಮನ ಮೇಲಿನ ಪ್ರೀತಿಗೇ ಕಲಿತ್ರಾ, ಇಲ್ಲ ಅವನ ಮೇಲಿನ ಸೇಡಿಗಾ?"

ಅವರು ಕೈಯಲ್ಲಿದ್ದ ಟೋರ್ಟಿಯಾದ ಸುಟ್ಟ ಅಂಚನ್ನು ಹರಿದು ಬಿಸಾಡಿದರು.

"ಸೇಡಿಗೆ. ಅಮ್ಮನ ಮೇಲಿನ ಪ್ರೀತಿಗೇ ಆಗಿದ್ರೆ ಮೂವತ್ತು ವರ್ಷದ ಹಿಂದೇನೇ ಕಲೀತಿದ್ದೆ."